‘ಈಗ ಕೇಳಿಸುತ್ತದೆಯೇ?’

ಕುರುಡನನ್ನು ಕಂಡರೆ ಲೋಕವು ಮರುಗುತ್ತದೆ. ಕಿವುಡನನ್ನು ಕಂಡರೆ ನಗುತ್ತದೆ. ನಾಟಕದಲ್ಲಿ ಕಿವುಡನ ಪಾತ್ರವೊಂದು ಬಂದಿತೆಂದರೆ ಅವನು ಬಾಯಿ ತೆರೆಯುವುದಕ್ಕೆ ಮೊದಲೇ ಸಭೆಯು ನಗುವುದಕ್ಕೆ ಸಿದ್ಧವಾಗಿರುತ್ತದೆ. ಒಂದು ಕೇಳಿದರೆ ಇನ್ನೊಂದು ಹೇಳುವವನನ್ನು ಕಂಡು ನಗೆ ಬರುವುದು ಸಹಜವೆಂದು ನಾನೂ ಒಪ್ಪುತ್ತೇನೆ. ಆದರೆ ಎಲ್ಲರೂ ಏತಕ್ಕೆ ನಗುತ್ತಿದ್ದಾರೆಂಬುದು ತಿಳಿಯದೆ, ತಾನೂ ನಗಬೇಕೋ ಬೇಡವೋ ಎಂದು ಅವರಿವರ ಮುಖವನ್ನು ನೋಡುತ್ತ ಕುಳಿತವನಿಗೆ ಆ ಹೊತ್ತು ಹೇಗಿರುತ್ತದೆಂಬುದನ್ನು ಅನುಭವಿಸಿದವರೇ ಬಲ್ಲರು. ನಾನು ಆ ಬಲ್ಲವರ ಪಂಕ್ತಿಯಲ್ಲಿ ಬಹುಕಾಲ ಕುಳಿತವನು. 2016ನೆಯ ಇಸವಿಯ ಕೊನೆಯಲ್ಲಿ ನನ್ನ ಬಲಗಿವಿಗೆ ಶಸ್ತ್ರಚಿಕಿತ್ಸೆಯಾಯಿತು. ಅಂದಿನಿಂದ ನೆಂಟರಾಗಲಿ ಇಷ್ಟರಾಗಲಿ, ಯಾರು ಎದುರಾದರೂ ಕೇಳುವ ಪ್ರಶ್ನೆ ಒಂದೇ: “ಈಗ ಕೇಳಿಸುತ್ತದೆಯೇ?”

ಕೇಳುವವರ ವಿಶ್ವಾಸ ದೊಡ್ಡದು; ಪ್ರಶ್ನೆ ಮಾತ್ರ ಚಿಕ್ಕದು. ‘ಹೌದು’ ಎಂದರೆ ಪೂರ್ತಿ ನಿಜವಾಗುವುದಿಲ್ಲ, ‘ಇಲ್ಲ’ ಎಂದರೆ ಸುಳ್ಳಾಗುತ್ತದೆ. ನಡುಗಿವಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಮನುಷ್ಯನ ಬಾಳಿಗೆ ಏನೇನು ಮರಳುತ್ತದೆ, ಏನು ಮರಳುವುದಿಲ್ಲ, ಮರಳಿದ್ದನ್ನು ಬರಮಾಡಿಕೊಳ್ಳುವುದರಲ್ಲಿ ಮನೆಯವರ ಪಾಲು ಎಷ್ಟು ಎಂಬುದನ್ನು ಬೀದಿಯಲ್ಲಿ ನಿಂತು ಹೇಳಲಾಗುವುದಿಲ್ಲ. ಆದುದರಿಂದ ಸಾವಕಾಶವಾಗಿ ಇಲ್ಲಿ ಹೇಳುತ್ತೇನೆ. ಕಿವಿ ಸೋರುವ ಒಬ್ಬರಾದರೂ ಇಲ್ಲದ ಬಂಧುಬಳಗ ನಮ್ಮಲ್ಲಿ ವಿರಳ. ಆ ಕಾರಣದಿಂದ ಈ ಮಾತು ನನ್ನೊಬ್ಬನದೇ ಆಗಲಾರದು.

ಮೊದಲು ನಡುಗಿವಿಯೆಂದರೇನೆಂಬುದನ್ನು ಎರಡು ಮಾತಿನಲ್ಲಿ ತಿಳಿದುಕೊಳ್ಳೋಣ. ಹೊರಗಿನ ರಂಧ್ರದಿಂದ ಸುಮಾರು ಒಂದು ಅಂಗುಲ ಒಳಗೆ ತೆಳ್ಳನೆಯ ಪೊರೆಯೊಂದು ಬಿಗಿದುಕೊಂಡಿದೆ. ಅದೇ ಕಿವಿಯ ತಮಟೆ. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು. ಅದರ ಹಿಂದೆ ಗಾಳಿ ತುಂಬಿದ ಒಂದು ಪುಟ್ಟ ಕೋಣೆಯುಂಟು, ಇದು ನಡುಗಿವಿ. ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಎಲುಬುಗಳು ಒಂದಕ್ಕೊಂದು ಕೈಹಿಡಿದು ತಮಟೆಯ ಅದುರನ್ನು ಒಳಗಿವಿಗೆ ದಾಟಿಸುತ್ತವೆ. ಇವುಗಳಲ್ಲಿ ರಿಕಾಪು ನಮ್ಮ ದೇಹದಲ್ಲೆಲ್ಲ ಚಿಕ್ಕ ಎಲುಬು. ಅದರ ಎತ್ತರ ಸುಮಾರು 3 ಮಿಲಿಮೀಟರು. ಈ ಕೋಣೆಯಿಂದ ಮೂಗಿನ ಹಿಂಭಾಗಕ್ಕೆ ಒಂದು ನಾಳವಿದೆ. ನೆಗಡಿಯು ಕಿವಿಗೆ ಹತ್ತುವುದು ಈ ದಾರಿಯಿಂದಲೇ. ಚಿಕ್ಕ ಮಕ್ಕಳಲ್ಲಿ ಈ ನಾಳವು ಗಿಡ್ಡವಾಗಿಯೂ ಅಡ್ಡಲಾಗಿಯೂ ಇರುವುದರಿಂದ ಅವರ ಕಿವಿ ಬೇಗ ಕೆಡುತ್ತದೆ.

ನನಗೆ ಎಂಟು ವರ್ಷವಾಗಿದ್ದಾಗ ನೆಗಡಿ ಜ್ವರಗಳ ಹಿಂದೆ ಕಿವಿನೋವು ಬಂದಿತು. ಒಂದು ರಾತ್ರಿ ಎರಡು ಕಿವಿಗಳಿಂದಲೂ ಕೀವು ಒಡೆದು ಸುರಿಯಿತು, ನೋವು ನಿಂತಿತು, ಮನೆಯವರು ಗುಣವಾಯಿತೆಂದು ಸಮಾಧಾನಪಟ್ಟರು. ಎಡಗಿವಿಯು ಕ್ರಮೇಣ ಒಣಗಿತು, ಆದರೆ ಮಂದವಾಗಿಯೇ ಉಳಿಯಿತು. ಬಲಗಿವಿಯ ತಮಟೆಯ ತೂತು ಮುಚ್ಚಲೇ ಇಲ್ಲ. ಅಂದಿನ ತಿಳಿವಳಿಕೆಯಂತೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನೂ ಇನ್ನೇನೇನನ್ನೋ ಬಿಟ್ಟರು. ಪ್ರೀತಿಯಿಂದ ಬಿಟ್ಟ ಎಣ್ಣೆಯಾದರೂ ತೂತಾದ ತಮಟೆಗೆ ಅದು ಔಷಧವಾಗಲಿಲ್ಲ.

ಕಿವಿ ಕೆಟ್ಟರೆ ಶಬ್ದ ಹೋಯಿತೆಂದು ಹೊರಗಿನವರು ತಿಳಿಯುತ್ತಾರೆ. ಹೋಗುವುದು ಶಬ್ದವೊಂದೇ ಅಲ್ಲ, ನೂರು ಸಣ್ಣ ಸ್ವಾತಂತ್ರ್ಯಗಳು. ತಲೆಗೆ ನೀರು ಹಾಕಿಕೊಳ್ಳಬೇಕಾದರೆ ಮೊದಲು ಹತ್ತಿಗೆ ವ್ಯಾಸಲೀನು ಸವರಿ ಕಿವಿಗೆ ಒತ್ತಿಕೊಳ್ಳಬೇಕು. ನರಕಚತುರ್ದಶಿಯ ಅಭ್ಯಂಜನವು ಮನೆಗೆಲ್ಲ ಸಂಭ್ರಮ, ನನಗೆ ಭಯ. ಕೆರೆಯೂ ಹೊಳೆಯೂ ದಡದಲ್ಲಿ ನಿಂತು ನೋಡುವುದಕ್ಕೆ ಮಾತ್ರ. ಮಳೆಗಾಲದಲ್ಲಿ ನೆಗಡಿ ಬಂದಿತೆಂದರೆ ಎರಡು ದಿನದಲ್ಲಿ ಕಿವಿ ಸೋರುವುದು ಖಂಡಿತ. ಬೆಳಗ್ಗೆ ಎದ್ದೊಡನೆ ದಿಂಬನ್ನು ಯಾರ ಕಣ್ಣಿಗೂ ಬೀಳದಂತೆ ಮಗುಚಿ ಇಡುತ್ತಿದ್ದೆನು. ಜೇಬಿನಲ್ಲಿ ಯಾವಾಗಲೂ ಹತ್ತಿ. ಪಕ್ಕದವರಿಗೆ ವಾಸನೆ ಬರುತ್ತಿದೆಯೋ ಏನೋ ಎಂಬ ಶಂಕೆಯಿಂದ ಮದುವೆಯೂಟದಲ್ಲಿ ಸಾಲಿನ ಕೊನೆಯ ಎಲೆಯನ್ನೇ ಹುಡುಕುತ್ತಿದ್ದೆನು.

ಇನ್ನು ಮಾತಿನ ವಿಷಯ. ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತನಾಗಿದ್ದೆನು. ಅಂಕಿಗಳಿಗೆ ಬಾಯಿಲ್ಲ, ಆದುದರಿಂದ ಅವುಗಳ ಸಂಗಡ ನನಗೆ ಕಿವಿಯ ಅಗತ್ಯವೂ ಬೀಳಲಿಲ್ಲ. ಮನುಷ್ಯರ ಸಂಗಡ ಮಾತ್ರ ಎಡಗಿವಿಯನ್ನು ಮುಂದೆ ಮಾಡಿ, ತುಟಿಯನ್ನು ನೋಡಿ, ಅರ್ಧ ಕೇಳಿ ಅರ್ಧ ಊಹಿಸಬೇಕಾಗಿತ್ತು. ‘ಹೂಂ’ ಎಂಬ ಒಂದಕ್ಷರವು ಕಿವುಡನ ಊರುಗೋಲು. ಅದನ್ನು ಊರಿಕೊಂಡು ಎಷ್ಟು ದೂರ ಬೇಕಾದರೂ ಹೋಗಬಹುದು, ಆದರೆ ಎಲ್ಲಿಗೆ ಹೋದೆವೆಂಬುದು ತಿಳಿಯುವುದಿಲ್ಲ. ದಿನವೆಲ್ಲ ಊಹಿಸಿ ಊಹಿಸಿ ಸಂಜೆಯ ಹೊತ್ತಿಗೆ ತಲೆ ಬಳಲುತ್ತಿತ್ತು. ದೇವಸ್ಥಾನದ ಪ್ರಾಕಾರದಲ್ಲಿ ಕುಮಾರವ್ಯಾಸಭಾರತದ ಗಮಕವಾಚನ ನಡೆಯುವಾಗ ಮೊದಲು ಮುಂದಿನ ಸಾಲಿನಲ್ಲಿ ಕುಳಿತೆನು. ಆಮೇಲೆ ಹಿಂದಿನ ಸಾಲಿಗೆ ಸರಿದೆನು. ಕೊನೆಗೆ ಹೋಗುವುದನ್ನೇ ಬಿಟ್ಟೆನು. ಹೀಗೆ ಒಂದೊಂದಾಗಿ ಬಿಟ್ಟುದರಿಂದ ಯಾರಿಗೂ ಗೊತ್ತಾಗಲಿಲ್ಲ. ‘ಅವರ ಸ್ವಭಾವವೇ ಹಾಗೆ, ಮೌನಿಗಳು’ ಎಂದು ಜನ ಹೊಗಳಿದರು!

ಕಿವಿಯ ಶಸ್ತ್ರಚಿಕಿತ್ಸೆಯು ಬಹುಕಾಲದವರೆಗೆ ಪ್ರಾಣವನ್ನುಳಿಸುವುದಕ್ಕಾಗಿ ಇದ್ದಿತೇ ಹೊರತು ಕೇಳುವ ಶಕ್ತಿಯನ್ನು ಮರಳಿಸುವುದಕ್ಕಾಗಿ ಅಲ್ಲ. ಕೀವು ಎಲುಬನ್ನು ಕೊರೆದು ಮಿದುಳಿಗೆ ಇಳಿದರೆ ಆಸೆಯಿಲ್ಲವಷ್ಟೆ. ಆದುದರಿಂದ ಕೆಟ್ಟ ಭಾಗವನ್ನು ತೆಗೆದುಹಾಕಿ ಜೀವ ಉಳಿಯಿತೆಂದು ಸಂತೋಷಪಡುತ್ತಿದ್ದರು. 1921ರಲ್ಲಿ ಸ್ವೀಡನ್ ದೇಶದ ಕಾರ್ಲ್ ಓಲೋಫ್ ನೈಲೇನ್ ಎಂಬ ವೈದ್ಯರು ಕಿವಿಯ ಶಸ್ತ್ರಚಿಕಿತ್ಸೆಗೆ ಸೂಕ್ಷ್ಮದರ್ಶಕವನ್ನು ತಂದರು. 1950ರ ದಶಕದ ಮೊದಲ ವರ್ಷಗಳಲ್ಲಿ ಜರ್ಮನಿಯ ವುಲ್‌ಸ್ಟೈನ್, ತ್ಸ್ಯೋಲ್ನರ್ ಎಂಬಿಬ್ಬರು ತಮಟೆಯನ್ನೂ ಎಲುಬುಗಳ ಸರಪಣಿಯನ್ನೂ ಮತ್ತೆ ಕಟ್ಟಿಕೊಡುವ ಕ್ರಮವನ್ನು ರೂಪಿಸಿದರು. 1956ರಲ್ಲಿ ಅಮೆರಿಕದ ಜಾನ್ ಶೇ ಎಂಬವರು ಅಲುಗಾಡದೆ ಬಿಗಿದುಕೊಂಡ ರಿಕಾಪನ್ನು ತೆಗೆದು ಅದರ ಸ್ಥಳದಲ್ಲಿ ಕೃತಕವಾದುದನ್ನು ಕೂರಿಸಿದರು. ಇಂದು ಜಿಲ್ಲಾ ಕೇಂದ್ರಗಳಲ್ಲಿ ಕೂಡ ನಡೆಯುವ ಕೆಲಸದ ಹಿಂದೆ ಇಷ್ಟು ಜನರ ತಪಸ್ಸಿದೆ.

ನನ್ನ ಡಾಕ್ಟರು ಮಿತಭಾಷಿಗಳು. ಅವರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು: ಕಿವಿಯ ಮೇಲ್ಗಡೆ ಕಣತಲೆಯ ಸ್ನಾಯುವನ್ನು ಹೊದೆದಿರುವ ತೆಳುಪೊರೆಯಿಂದ ಒಂದು ತುಂಡನ್ನು ತೆಗೆದು ತಮಟೆಯ ತೂತಿಗೆ ತೇಪೆ ಹಾಕತಕ್ಕದ್ದು, ಸವೆದ ಎಲುಬಿದ್ದರೆ ಸರಿಪಡಿಸತಕ್ಕದ್ದು. “ಮೊದಲ ಗುರಿ ಕಿವಿ ಒಣಗುವುದು. ಎರಡನೆಯದು ಕೇಳಿಸುವುದು. ಮೊದಲನೆಯದಕ್ಕೆ ಹೆಚ್ಚು ಭರವಸೆ ಕೊಡಬಲ್ಲೆ, ಎರಡನೆಯದಕ್ಕೆ ಸ್ವಲ್ಪ ಕಡಿಮೆ” ಎಂದು ಅವರು ಹೇಳಿದರು. ತೇಪೆ ಹಿಡಿಯದಿರುವುದುಂಟು, ಕಿವಿಯಲ್ಲಿ ಮೊರೆತ ಉಳಿಯುವುದುಂಟು, ಕೆಲವು ಕಾಲ ನಾಲಿಗೆಯ ರುಚಿ ಕೆಡುವುದುಂಟು, ಬಹಳ ಅಪರೂಪವಾಗಿ ಮುಖದ ನರಕ್ಕೆ ತೊಂದರೆಯಾಗುವುದುಂಟು ಎಂಬುದನ್ನೂ ಮರೆಮಾಚದೆ ತಿಳಿಸಿದರು. ಹೀಗೆ ಮೊದಲೇ ಹೇಳುವ ವೈದ್ಯರು ದೊರೆಯುವುದು ರೋಗಿಯ ಪುಣ್ಯ. ಆಸೆಯ ಅಳತೆಯು ಸರಿಯಾಗಿದ್ದರೆ ಫಲದ ಅಳತೆಯೂ ಸರಿಯಾಗಿ ಕಾಣುತ್ತದೆ.

ಶಸ್ತ್ರಚಿಕಿತ್ಸೆಯಾದ ದಿನಕ್ಕಿಂತ ಅದರ ಮುಂದಿನ ವಾರಗಳು ದೊಡ್ಡವು. ಕಿವಿಯೊಳಗೆ ತುರುಕಿದ ಬತ್ತಿಯಿಂದಾಗಿ ಮೊದಲಿಗಿಂತಲೂ ಕಡಿಮೆ ಕೇಳಿಸುತ್ತಿತ್ತು. ಮೂಗನ್ನು ಬಲವಾಗಿ ಸೀದಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು, ಭಾರ ಎತ್ತಬಾರದು, ಕಿವಿಗೆ ಒಂದು ಹನಿ ನೀರೂ ಹೋಗಬಾರದು. ಕಿವಿಯ ಹಾಲೆಯ ಮೇಲ್ಭಾಗವು ಜೋಮು ಹಿಡಿದು ನನ್ನದಲ್ಲವೆಂಬಂತಿತ್ತು. ನಾಲಿಗೆಯ ಬಲಭಾಗಕ್ಕೆ ಏನು ತಿಂದರೂ ತಾಮ್ರದ ಕಾಸನ್ನು ಚೀಪಿದ ರುಚಿ. ನಾಲಿಗೆಯ ರುಚಿಯ ನರವೊಂದು ನಡುಗಿವಿಯ ಮೂಲಕವೇ ಹಾದುಹೋಗುತ್ತದೆಂಬುದನ್ನು ಸಾರು ಕೆಟ್ಟಿತೆಂದು ಅಡಿಗೆಯವರನ್ನು ದೂರುವುದಕ್ಕೆ ಮೊದಲೇ ತಿಳಿದಿದ್ದುದು ಒಳ್ಳೆಯದಾಯಿತು! ನಾಲ್ಕು ತಿಂಗಳಲ್ಲಿ ಆ ರುಚಿ ತಾನಾಗಿಯೇ ಹೋಯಿತು.

ಮೂರನೆಯ ವಾರ ಬತ್ತಿಯನ್ನು ತೆಗೆದರು. ಆಸ್ಪತ್ರೆಯಿಂದ ಮನೆಗೆ ಬಂದು ವೃತ್ತಪತ್ರಿಕೆಯನ್ನು ಮಡಿಸಿದೆನು. ಅದು ಒಣ ಎಲೆಯ ರಾಶಿಯನ್ನು ತುಳಿದಂತೆ ಸದ್ದುಮಾಡಿತು. ಕೊಳಾಯಿಯ ನೀರು ಕೊಳಗಕ್ಕೆ ಬೀಳುವುದು, ಕುಕ್ಕರಿನ ಸೀಟಿ, ಚಪ್ಪಲಿಯ ಸದ್ದು, ಎಲ್ಲವೂ ಒಟ್ಟಾಗಿ ಮೇಲೆ ಬಿದ್ದವು. ಕೇಳುವುದೆಂದರೆ ಬೇಡದ್ದನ್ನು ಕೇಳದಿರುವ ವಿದ್ಯೆಯೂ ಹೌದು. ಆ ವಿದ್ಯೆಯನ್ನು ನಾನು ಮರೆತುಬಿಟ್ಟಿದ್ದೆನು. ಅದನ್ನು ಕಲಿಯುವುದಕ್ಕೆ ಎರಡು ಮೂರು ತಿಂಗಳು ಹಿಡಿಯಿತು. ಇಂಥ ಸಮಯದಲ್ಲಿ ರೋಗಿಯು ಸಿಡುಕಿದರೆ ಮನೆಯವರು ಬೇಸರಪಡಬಾರದು. ಮುಚ್ಚಿದ್ದ ಕಿಟಕಿಯನ್ನು ತೆರೆದಾಗ ಕಣ್ಣು ಕುಕ್ಕುವಂತೆ ಕಿವಿಗೂ ಆಗುತ್ತದೆ.

ಆಸ್ಪತ್ರೆಯಲ್ಲಿ ನನ್ನ ಸಂಗಡ ಇನ್ನೂ ಮೂವರು ಕಿವಿಯ ರೋಗಿಗಳಿದ್ದರು. ತಪಾಸಣೆಯ ದಿನಗಳಲ್ಲಿ ಆಗಾಗ ಒಬ್ಬರನ್ನೊಬ್ಬರು ಕಾಣುತ್ತಿದ್ದೆವು. ಒಬ್ಬರು ಬಡಗಿ. ಅವರಿಗೆ ರಿಕಾಪಿನ ಚಿಕಿತ್ಸೆ. ನಮ್ಮೆಲ್ಲರ ಪೈಕಿ ಪರೀಕ್ಷೆಯ ಗೆರೆ ಚೆನ್ನಾಗಿ ಏರಿದ್ದುದು ಅವರದೇ. ಆದರೂ ಅವರ ಮುಖದಲ್ಲಿ ಗೆಲುವಿರಲಿಲ್ಲ. “ಜೀರುಂಡೆ ಕೂಗಿದ ಹಾಗೆ ರಾತ್ರಿಯೆಲ್ಲ ಕೂಗುತ್ತದೆ ಸ್ವಾಮಿ, ಮಲಗುವುದಕ್ಕೆ ಬಿಡದು” ಎನ್ನುತ್ತಿದ್ದರು. ಇನ್ನೊಬ್ಬರು ಹಳ್ಳಿಯ ಗೃಹಿಣಿ. ಅವರ ನಡುಗಿವಿಯಲ್ಲಿ ಚರ್ಮವು ಗಂಟಾಗಿ ಬೆಳೆದು ಎಲುಬನ್ನು ತಿಂದಿತ್ತು, ಅದನ್ನೆಲ್ಲ ತೆಗೆಯಬೇಕಾಯಿತು. ಅವರ ಗೆರೆ ಏರಲೇ ಇಲ್ಲ. ಆದರೆ ನಮ್ಮಲ್ಲಿ ಎಲ್ಲರಿಗಿಂತ ಸಂತುಷ್ಟರು ಅವರೇ. ಸೋರುವುದು ನಿಂತಿತು, ವಾಸನೆ ಹೋಯಿತು. “ಹತ್ತಿ ಇಲ್ಲದೆ ಅರಿಸಿನ ಕುಂಕುಮಕ್ಕೆ ಹೋಗಿಬಂದೆ ಅಣ್ಣಾ” ಎಂದು ಹೇಳಿದಾಗ ಅವರ ಕಣ್ಣು ತುಂಬಿತ್ತು. ಮೂರನೆಯವನು ಹೈಸ್ಕೂಲಿನ ಹುಡುಗ. ಎತ್ತರವಾಗಿದ್ದರೂ ಕಿವಿಯ ದೆಸೆಯಿಂದ ಮೊದಲನೆಯ ಬೆಂಚಿನಲ್ಲಿ ಚಿಕ್ಕವರ ಸಂಗಡ ಕೂರುತ್ತಿದ್ದವನು, ಈಗ ಕೊನೆಯ ಬೆಂಚಿಗೆ ಗೆಳೆಯರ ಬಳಿಗೆ ಹೋದನಂತೆ. ಅವನ ತಾಯಿಗೆ ಇದು ಅಷ್ಟು ಹಿಡಿಸಲಿಲ್ಲ. ಅವನಿಗೆ ಮಾತ್ರ ಸ್ವರ್ಗ ಸಿಕ್ಕಿತ್ತು.

ವೈದ್ಯರ ಅಳತೆ ಒಂದು, ರೋಗಿಯ ಅಳತೆ ಇನ್ನೊಂದು ಎಂಬುದು ವೈದ್ಯಲೋಕಕ್ಕೆ ತಿಳಿಯದ ಸಂಗತಿಯಲ್ಲ. 1985ರಲ್ಲಿಯೇ ಬೆಲ್‌ಫಾಸ್ಟ್ ನಗರದ ಸ್ಮಿತ್, ಪ್ಯಾಟರ್ಸನ್ ಎಂಬಿಬ್ಬರು, ನಡುಗಿವಿಯ ಚಿಕಿತ್ಸೆಯ ಫಲದ ವಿಷಯದಲ್ಲಿ ರೋಗಿಯೂ ಶಸ್ತ್ರವೈದ್ಯನೂ ಒಪ್ಪುವರೇ ಎಂಬ ಪ್ರಶ್ನೆಯನ್ನೆತ್ತಿದರು. ಚಿಕಿತ್ಸೆಯಾದ ಕಿವಿಯು 30 ಡೆಸಿಬೆಲ್ ಮಟ್ಟದೊಳಗೆ ಕೇಳುವಂತಾಗಬೇಕು, ಇಲ್ಲವೆ ಅದಕ್ಕೂ ಇನ್ನೊಂದು ಕಿವಿಗೂ ಇರುವ ಅಂತರವು 15 ಡೆಸಿಬೆಲ್‌ಗಿಳಿಯಬೇಕು. ಹಾಗಾದರೆ ಮಾತ್ರ ರೋಗಿಗೆ ಪ್ರಯೋಜನವು ತಿಳಿಯುತ್ತದೆ ಎಂಬುದು ಅವರು ಕಂಡ ಸೂತ್ರ. ಎರಡು ಕಿವಿಗಳು ಎರಡೆತ್ತಿನ ಗಾಡಿಯಂತೆ; ಒಂದು ಎತ್ತನ್ನಷ್ಟೇ ಅಳೆದು ಗಾಡಿಯ ನಡೆಯನ್ನು ಹೇಳಲಾಗುವುದಿಲ್ಲ.

ಕೇಳುವ ಮಟ್ಟವೊಂದರಿಂದಲೇ ಎಲ್ಲವೂ ತಿಳಿಯುವುದಿಲ್ಲವೆಂದು ಆಮೇಲೆ ಪ್ರಶ್ನಾವಳಿಗಳು ಬಂದವು. 1996ರಲ್ಲಿ ಪ್ರಕಟವಾದ ಗ್ಲಾಸ್ಗೋ ನಗರದ ಪ್ರಶ್ನಾವಳಿಯಲ್ಲಿ 18 ಪ್ರಶ್ನೆಗಳು: ಆತ್ಮವಿಶ್ವಾಸ ಹೆಚ್ಚಿತೇ, ನಾಲ್ವರ ನಡುವೆ ಸಂಕೋಚ ಕಡಿಮೆಯಾಯಿತೇ, ಮನೆಯವರ ಗೆಳೆಯರ ಒತ್ತಾಸೆ ಹೇಗಿದೆ, ವೈದ್ಯರಲ್ಲಿಗೆ ಓಡುವುದು ತಪ್ಪಿತೇ ಎಂಬಂಥವು. 2000ದಲ್ಲಿ ಬಾಸ್ಟನ್ ನಗರದಿಂದ ಬಂದದ್ದರಲ್ಲಿ ಕಿವಿಗೆ ನೀರು ಬೀಳದಂತೆ ಕಾಯುವ ಕಷ್ಟವೂ ಒಂದು ಪ್ರಶ್ನೆಯೇ. 2016ರಲ್ಲಿ ಜೂರಿಕ್ ನಗರದವರು 21 ಪ್ರಶ್ನೆಗಳ ಇನ್ನೊಂದನ್ನು ರಚಿಸಿದರು. ನಾನು ಅವುಗಳ ವಿಷಯ ಓದಿದಾಗ, ದಿಂಬನ್ನು ಮಗುಚಿ ಇಡುವ ನನ್ನ ಗುಟ್ಟನ್ನು ಸಮುದ್ರದಾಚೆಯ ಯಾರೋ ಬಲ್ಲರೆಂದು ಒಂದು ಬಗೆಯ ಧೈರ್ಯವಾಯಿತು. ಹಳ್ಳಿಯ ಆ ತಾಯಿಯ ಸಂತೋಷವೂ ಬಡಗಿಯ ಕೊರಗೂ ಇಂಥ ಪ್ರಶ್ನೆಗಳಲ್ಲಿ ಕಾಣುತ್ತವೆ, ಗೆರೆಯಲ್ಲಿ ಕಾಣುವುದಿಲ್ಲ.

ಆದರೆ ಯಾವ ಪ್ರಶ್ನಾವಳಿಗೂ ಪೂರ್ತಿ ಸಿಕ್ಕದ ಒಂದು ವಿಷಯವುಂಟು. ಕಿವಿಯು ಸರಿಹೋದರೂ ಮನೆಯ ಅಭ್ಯಾಸವು ತಾನಾಗಿ ಸರಿಹೋಗುವುದಿಲ್ಲ. ನನಗೆ 1990ರಲ್ಲಿ ಮದುವೆಯಾಯಿತು. ಇಪ್ಪತ್ತಾರು ವರ್ಷ ನನ್ನ ಹೆಂಡತಿಯೇ ನನ್ನ ಬಲಗಿವಿ. ಮದುವೆಮನೆಗಳಲ್ಲಿ ನನ್ನ ಎಡಗಡೆ ನಿಂತು ಬಂದವರ ಹೆಸರನ್ನೂ ಅವರ ಮಾತನ್ನೂ ಹೇಳಿಕೊಡುವವಳು ಅವಳು. ಚಿಕಿತ್ಸೆಯಾಗಿ ಆರು ತಿಂಗಳ ಮೇಲೆ ನಮ್ಮಣ್ಣನ ಮಗ ಬಂದು ಜಮೀನಿನ ವಿಚಾರವೆತ್ತಿದನು. ನಾನು ಎದುರಿಗೆ ಕುರ್ಚಿಯಲ್ಲಿ ಕುಳಿತಿದ್ದರೂ, “ಚಿಕ್ಕಮ್ಮ, ಚಿಕ್ಕಪ್ಪನವರಿಗೆ ನೀವೇ ನಿಧಾನವಾಗಿ ತಿಳಿಸಿ” ಎಂದನು. “ತಿಳಿಯಿತಪ್ಪ, ನನಗೇ ಹೇಳು” ಎಂದೆನು. ಅವನು ಬೆಚ್ಚಿದನು. ಅವನದೇನೂ ದೋಷವಿರಲಿಲ್ಲ. ಹುಟ್ಟಿದಾರಭ್ಯ ನನ್ನನ್ನು ದಾಟಿ ಮಾತನಾಡುವುದನ್ನೇ ಕಂಡವನು ಅವನು. ಕಿವಿ ತೆರೆದ ಮಾತ್ರಕ್ಕೆ ನಾನು ಸಂಸಾರದ ಸಭೆಯೊಳಕ್ಕೆ ಬಂದಂತಾಗಲಿಲ್ಲ. ಒಂದು ಪೀಠವನ್ನು ಎಳೆದು ಹಾಕಿಕೊಳ್ಳಬೇಕಾಯಿತು. ಮಕ್ಕಳೂ ನನ್ನೊಡನೆ ಕೂಗಿ ಮಾತನಾಡುವುದನ್ನು ಬಿಡುವುದಕ್ಕೆ ಒಂದು ವರ್ಷವೇ ಹಿಡಿಯಿತು.

ಕೂಗಿ ಹೇಳಬಹುದಾದ ಮಾತುಗಳು ಯಾವುವು? ಅಕ್ಕಿ ಮುಗಿಯಿತು, ಹಾಲಿನವನು ಬಂದಿದ್ದಾನೆ, ಬಾಗಿಲು ಹಾಕಿ, ಇಂಥವು. ಕೂಗಿ ಹೇಳಲಾಗದ ಮಾತುಗಳು ಬೇರೆ ಇವೆ. ದೀಪ ಆರಿಸಿದ ಮೇಲೆ ನನಗೆ ತುಟಿ ಕಾಣುತ್ತಿರಲಿಲ್ಲ. ಆದುದರಿಂದ ನಮ್ಮಿಬ್ಬರ ನಡುವೆ ಕತ್ತಲೆಯಲ್ಲಿ ಮಾತೆಂಬುದೇ ಇರಲಿಲ್ಲ. ಚಿಕಿತ್ಸೆಯಾದ ಮರುವರ್ಷ ಒಂದು ರಾತ್ರಿ ವಿದ್ಯುತ್ತು ಹೋಗಿತ್ತು. ಕತ್ತಲೆಯಲ್ಲಿ ಅವಳು ಸಣ್ಣ ದನಿಯಲ್ಲಿ, ನನಗೆ ಕೇಳಿಸುತ್ತದೆಯೋ ಇಲ್ಲವೋ ಎಂಬಂತೆ, ಮಾತನಾಡಿದಳು. 1994ರಲ್ಲಿ ನಮಗೊಂದು ಹೆಣ್ಣುಮಗು ಹುಟ್ಟಿ ಒಂಬತ್ತು ದಿನ ಬದುಕಿತ್ತು. ನಾಮಕರಣವಾಗಿರಲಿಲ್ಲ. ಆ ಮಗುವಿಗೆ ಅವಳು ಮನಸ್ಸಿನಲ್ಲಿಯೇ ಒಂದು ಹೆಸರಿಟ್ಟಿದ್ದಳು. ಆ ಹೆಸರನ್ನು ನನಗೆ ಅಂದು ಹೇಳಿದಳು. “ಕೂಗಿ ಹೇಳುವ ಹೆಸರಾಗಿರಲಿಲ್ಲ” ಎಂದಳು. ಇಪ್ಪತ್ತುಮೂರು ವರ್ಷ ಆ ಹೆಸರು ಒಬ್ಬಳ ಬಳಿಯೇ ಇತ್ತು. ನನಗೆ ಎಷ್ಟು ಡೆಸಿಬೆಲ್ ಮರಳಿತೆಂಬುದು ಆಸ್ಪತ್ರೆಯ ಚೀಟಿಯಲ್ಲಿದೆ. ಆ ಹೆಸರು ಮರಳಿದ್ದು ಯಾವ ಚೀಟಿಯಲ್ಲಿಯೂ ಇಲ್ಲ.

ಮರಳದಿರುವುದನ್ನೂ ಹೇಳದಿದ್ದರೆ ಲೆಕ್ಕ ಬರೆದವನ ಧರ್ಮಕ್ಕೆ ಲೋಪ. ಎಡಗಿವಿ ಇಂದಿಗೂ ಮಂದ. ಯಾರಾದರೂ ಬೀದಿಯಲ್ಲಿ ಕರೆದರೆ ಯಾವ ದಿಕ್ಕಿನಿಂದ ಎಂಬುದು ತಕ್ಷಣ ಗೊತ್ತಾಗುವುದಿಲ್ಲ. ಕಲ್ಯಾಣಮಂಟಪದ ಗದ್ದಲದಲ್ಲಿ ಹತ್ತಿರದ ಮಾತೂ ಕಲಸಿಹೋಗುತ್ತದೆ. ಒಮ್ಮೊಮ್ಮೆ ಒಳಗೆ ಸಣ್ಣಗೆ ಮೊರೆಯುತ್ತದೆ. ನೆಗಡಿ ಬಂದರೆ ಹಳೆಯ ಭಯ ಒಂದು ಗಳಿಗೆ ತಲೆಯೆತ್ತುತ್ತದೆ. ಆದರೆ ಅಭ್ಯಂಜನ ನನಗೂ ಹಬ್ಬವಾಗಿದೆ, ದಿಂಬು ಒಣಗಿದೆ, ಗಮಕವಾಚನಕ್ಕೆ ಮತ್ತೆ ಹೋಗುತ್ತೇನೆ, ಮುಂದಿನ ಸಾಲಿನಲ್ಲಿಯೇ ಕೂರುತ್ತೇನೆ. ಎಲ್ಲ ಪದ್ಯವೂ ತಿಳಿಯದಿದ್ದರೂ ರಾಗವು ತಿಳಿಯುತ್ತದೆ. ಸಭೆಯು ನಕ್ಕಾಗ ಸಭೆಯ ಸಂಗಡಲೇ ನಗುತ್ತೇನೆ, ಒಂದು ಕ್ಷಣ ತಡವಾಗಿ ಅಲ್ಲ.

ಗೃಹಸ್ಥರಲ್ಲಿ ನನ್ನ ಬಿನ್ನಹವು ಇಷ್ಟು. ಮಗುವಿನ ಕಿವಿ ಸೋರಿದರೆ ಬೆಳೆದಂತೆಲ್ಲ ಸರಿಹೋದೀತೆಂದು ಕಾಯಬೇಡಿ, ಎಣ್ಣೆ ಬಿಡಬೇಡಿ, ಹೇರ್‌ಪಿನ್ನು, ಕಡ್ಡಿಗಳನ್ನು ಕಿವಿಯಿಂದ ದೂರವಿಡಿ, ವೈದ್ಯರಿಗೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಕಿವಿಯ ಪರೀಕ್ಷೆಗೆ ಹೆಸರಾದುದು. ಚಿಕಿತ್ಸೆಯಾದ ಮೇಲೂ ಶ್ರವಣಯಂತ್ರ ಬೇಕಾದರೆ ನಾಚಬೇಡಿ. ಕನ್ನಡಕಕ್ಕಿಲ್ಲದ ನಾಚಿಕೆ ಇದಕ್ಕೇಕೆ? ಚಿಕಿತ್ಸೆಯಾದವರು ಮನೆಗೆ ಬಂದ ಮೇಲೆ ಅವರನ್ನು ದಾಟಿ ಮಾತನಾಡುವುದನ್ನು ಬಿಡಿ. ಅವರ ಎದುರಿಗೆ ಕುಳಿತು, ಕೂಗದೆ, ಅವರೊಡನೆಯೇ ಮಾತನಾಡಿ.

“ಈಗ ಕೇಳಿಸುತ್ತದೆಯೇ?” ಎಂದು ಅವರನ್ನು ಕೇಳುವುದು ತಪ್ಪಲ್ಲ. ಆದರೆ ಅಷ್ಟು ಕೇಳಿ ಹೊರಟುಬಿಡಬಾರದು. ತಲೆಗೆ ನೀರು ಹಾಕಿಕೊಳ್ಳುವಿರಾ, ನಿದ್ರೆ ಬರುತ್ತದೆಯೇ, ನಾಲ್ವರ ನಡುವೆ ಕೂರುವಿರಾ ಎಂದು ಕೇಳಿ. ಉತ್ತರ ಬರುವವರೆಗೆ ಸ್ವಲ್ಪ ಹೊತ್ತು ಕುಳಿತಿರಿ. ವೈದ್ಯರು ತಮಟೆಗೆ ತೇಪೆ ಹಾಕಬಲ್ಲರು. ಸಂಸಾರದ ಮಾತು ಹರಿದುಹೋದ ಕಡೆಗೆ ತೇಪೆ ಹಾಕತಕ್ಕವರು ಮನೆಯವರೇ.